ವಿದ್ಯಾರ್ಥಿ ನಾಯಕರಿಗೆ ವ್ಯಸನ ತಡೆ ತರಬೇತಿ: ಶುಲ್ಕ ಕಟ್ಟುವ ಮುನ್ನ ಕಾಲೇಜುಗಳು ನೋಡಬೇಕಾದದ್ದು

ಪದವಿ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಆರಿಸಿ, ಮದ್ಯ ಮತ್ತು ಮಾದಕ ವಸ್ತುಗಳ ವಿಷಯವಾಗಿ ತಮ್ಮ ಓರಗೆಯವರೊಡನೆ ಮಾತನಾಡಲು ಅವರನ್ನು ಅಣಿಗೊಳಿಸುವ ಎರಡು ದಿನಗಳ ವಸತಿಸಹಿತ ತರಬೇತಿಯೊಂದನ್ನು ನಮ್ಮ ಕಾಲೇಜು ಕಳೆದ ಶೈಕ್ಷಣಿಕ ವರ್ಷದಲ್ಲಿ ಶುಲ್ಕ ತೆತ್ತು ಪಡೆಯಿತು. ಎನ್‌ಎಸ್‌ಎಸ್ ಘಟಕದ ಹೊಣೆ ನನ್ನದಾದ್ದರಿಂದ ಅದರ ಏರ್ಪಾಡೂ ಆನಂತರದ ಉಸ್ತುವಾರಿಯೂ ನನ್ನ ಪಾಲಿಗೆ ಬಂದವು. ತರಬೇತಿ ನೀಡಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆ ಒದಗಿಸುವವರು ಹಲವರಿದ್ದು, ಅವರ ಕರಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ, ಒಳಗೆ ಏನು ನಡೆಯುತ್ತದೆ, ಅದರಲ್ಲಿ ಯಾವುದು ಹಣಕ್ಕೆ ತಕ್ಕುದು, ಯಾವುದು ಅಲ್ಲ ಎಂಬುದನ್ನು ತಿಳಿಸಿದರೆ ಬೇರೆ ಕಾಲೇಜುಗಳವರಿಗೆ ಹೆಚ್ಚು ಪ್ರಯೋಜನವಾದೀತು.

2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ದೇಶದ ಎಲ್ಲ ಜಿಲ್ಲೆಗಳಿಗೂ ಹಬ್ಬಿದ ನಶಾ ಮುಕ್ತ ಭಾರತ ಅಭಿಯಾನದ ನಂತರ, ವ್ಯಸನ ತಡೆಯ ಕಾರ್ಯಕ್ರಮ ನಡೆಸದ ಕಾಲೇಜು ಬಹುಶಃ ಉಳಿದಿಲ್ಲ. ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಬ್ಯಾನರ್ ಹಿಡಿದು ಬಸ್ ನಿಲ್ದಾಣದವರೆಗೆ ಜಾಥಾ, ಅಲ್ಲೊಂದು ಮಾನವ ಸರಪಳಿ, ಸಭಾಂಗಣಕ್ಕೆ ಮರಳಿ ಪ್ರತಿಜ್ಞಾವಿಧಿ, ಪ್ರಬಂಧ ಸ್ಪರ್ಧೆಯ ಬಹುಮಾನ, ಕೊನೆಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಕಡತಕ್ಕೆ ಜಿಯೊಟ್ಯಾಗ್ ಇರುವ ಫೋಟೊ. ಇದರಿಂದ ಕೆಡುಕೇನೂ ಇಲ್ಲ. ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ತರಗತಿ ತಪ್ಪುವ ಸಂತೋಷವೂ ಇದೆ. ಆದರೆ ರಾತ್ರಿ ಹತ್ತು ಗಂಟೆಗೆ ಹಾಸ್ಟೆಲಿನ ಕೋಣೆಯೊಂದರಲ್ಲಿ ಬಾಟಲಿ ತೆರೆದಾಗ ಅಲ್ಲಿರುವವರು ಆ ಹುಡುಗರೇ ಹೊರತು ಪ್ರಾಂಶುಪಾಲರಾಗಲಿ, ನಾನಾಗಲಿ, ಅತಿಥಿ ಭಾಷಣಕಾರರಾಗಲಿ ಅಲ್ಲ. ಈ ತರಬೇತಿಯು ಆ ಕೋಣೆಯವರೆಗೆ ತಲುಪುತ್ತದೆಂದು ಸಂಸ್ಥೆಯವರು ಹೇಳಿಕೊಂಡಿದ್ದರು. ಅದೇ ಅಳತೆಗೋಲನ್ನು ಹಿಡಿದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಇಡೀ ಸೇವೆಯಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ತರಬೇತಿಗೆ ಮುಂಚೆಯೇ ನಡೆದ ಕೆಲಸ, ಅಂದರೆ ನಾಯಕರ ಆಯ್ಕೆ. ಸಾಮಾನ್ಯವಾಗಿ ಇಂಥ ಪತ್ರ ಬಂದಾಗ ನಾವು ಅಧ್ಯಾಪಕರು ಸ್ಟಾಫ್ ರೂಮಿನಲ್ಲಿ ಕುಳಿತು ಹಾಜರಾತಿ ಚೆನ್ನಾಗಿರುವ, ಹೇಳಿದ ಮಾತು ಕೇಳುವ, ವೇದಿಕೆಯ ಮೇಲೆ ಪ್ರಾರ್ಥನೆ ಹಾಡುವ ಮಕ್ಕಳ ಹೆಸರನ್ನು ಬರೆದು ಕಳುಹಿಸುತ್ತೇವೆ. ಸಂಸ್ಥೆಯವರು ಇದಕ್ಕೆ ಒಪ್ಪಲಿಲ್ಲ. ಪ್ರತಿ ತರಗತಿಯಲ್ಲೂ ಚೀಟಿ ಹಂಚಿ, ನೀವು ಯಾರ ಮಾತಿಗೆ ಬೆಲೆ ಕೊಡುತ್ತೀರಿ, ಆಟದಲ್ಲಾಗಲಿ ಗುಂಪು ಕೆಲಸದಲ್ಲಾಗಲಿ ಮುಂದೆ ನಿಲ್ಲುವವರು ಯಾರು, ಯಾರಂತೆ ಇರಬೇಕೆಂದು ನಿಮಗೆ ಅನ್ನಿಸುತ್ತದೆ ಎಂಬ ಪ್ರಶ್ನೆಗಳಿಗೆ ವಿದ್ಯಾರ್ಥಿಗಳೇ ಹೆಸರು ಬರೆಯಬೇಕೆಂದರು. ಅತಿ ಹೆಚ್ಚು ಚೀಟಿಗಳಲ್ಲಿ ಕಾಣಿಸಿಕೊಂಡವರೇ ತರಬೇತಿಗೆ ಅರ್ಹರು.

ಈ ಕ್ರಮ ಅವರ ಸ್ವಂತದ್ದಲ್ಲ. ಬ್ರಿಟನ್ನಿನಲ್ಲಿ ಬ್ರಿಸ್ಟಲ್ ಮತ್ತು ಕಾರ್ಡಿಫ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದೇ ಬಗೆಯ ಆಯ್ಕೆಯನ್ನು ಬಳಸಿ ಇಂಗ್ಲೆಂಡಿನ ಪಶ್ಚಿಮ ಭಾಗ ಮತ್ತು ವೇಲ್ಸ್‌ನ 59 ಶಾಲೆಗಳಲ್ಲಿ ‘ಅಸಿಸ್ಟ್’ ಎಂಬ ಪ್ರಯೋಗ ನಡೆಸಿದ್ದರು. ಅದರಲ್ಲಿ 12-13 ವರ್ಷದ 10,730 ಮಕ್ಕಳು ಸೇರಿದ್ದರು. ಸಹಪಾಠಿಗಳೇ ಹೆಸರಿಸಿದ ಮಕ್ಕಳಿಗೆ ಶಾಲೆಯ ಹೊರಗೆ ಎರಡು ದಿನ ತರಬೇತಿ ಕೊಟ್ಟು, ಆನಂತರದ 10 ವಾರ ಯಾವ ಭಾಷಣವನ್ನೂ ಮಾಡದೆ ಊಟದ ವೇಳೆಯಲ್ಲೋ ಮನೆಗೆ ಹೋಗುವ ದಾರಿಯಲ್ಲೋ ಸಿಗರೇಟಿನ ಬಗ್ಗೆ ಸಹಜವಾಗಿ ಮಾತು ತೆಗೆಯಲು ಬಿಟ್ಟಿದ್ದರು. ಎರಡು ವರ್ಷಗಳವರೆಗೆ ನೋಡಿದಾಗ ಆ ಶಾಲೆಗಳಲ್ಲಿ ಧೂಮಪಾನ ಇತರ ಶಾಲೆಗಳಿಗಿಂತ ಕಡಿಮೆ ಇತ್ತೆಂದು 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಗರೇಟಿಗೆ, ಅದೂ ಎಳೆಯ ಮಕ್ಕಳಲ್ಲಿ ಸಿಕ್ಕ ಫಲ ನಮ್ಮ ಪದವಿ ವಿದ್ಯಾರ್ಥಿಗಳ ಮದ್ಯದ ವಿಷಯಕ್ಕೂ ಹಾಗೆಯೇ ಸಿಗುತ್ತದೆಂದು ಭಾವಿಸಲಾಗದು. ಕರಪತ್ರದಲ್ಲಿ ಮಾತ್ರ ಹಾಗೆಂದೇ ಸೂಚಿಸಲಾಗಿದೆ. ಆದರೂ ಆಯ್ಕೆಯ ವಿಧಾನಕ್ಕೆ ಗಟ್ಟಿ ಆಧಾರವಿದೆಯೆಂಬುದು ಸಣ್ಣ ಸಂಗತಿಯಲ್ಲ.

ಚೀಟಿಗಳನ್ನು ಎಣಿಸಿದಾಗ ಸ್ಟಾಫ್ ರೂಮಿನಲ್ಲಿ ಸಾಕಷ್ಟು ಗದ್ದಲವಾಯಿತು. ದ್ವಿತೀಯ ಬಿ.ಕಾಂ.ನ ಒಬ್ಬ ಕಬಡ್ಡಿ ಆಟಗಾರನಿಗೆ ಎಲ್ಲರಿಗಿಂತ ಹೆಚ್ಚು ಹೆಸರು ಬಿದ್ದಿತ್ತು. ಅವನ ಹಾಜರಾತಿ ಕಡಿಮೆ. ಸಂಜೆ ಮಾವನ ಟೈರ್ ಅಂಗಡಿಯಲ್ಲಿ ಕೆಲಸ. ಕಾಲೇಜಿನ ಗೇಟಿನಾಚೆ ನಿಂತು ಪಾನ್ ಮಸಾಲೆಯ ಪೊಟ್ಟಣಕ್ಕೆ ತಂಬಾಕಿನ ಪೊಟ್ಟಣ ಬೆರೆಸಿ ಬಾಯಿಗೆ ಹಾಕಿಕೊಳ್ಳುವುದನ್ನು ನೋಡದವರಿಲ್ಲ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದ್ದರೂ ಈ ಜೋಡಿ ಪೊಟ್ಟಣದ ಉಪಾಯ ಎಲ್ಲ ಗೂಡಂಗಡಿಗಳಿಗೂ ಗೊತ್ತು. ಇಂಥವನು ಇತರರಿಗೆ ಏನು ಹೇಳಿಯಾನು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ ಪ್ರಶ್ನೆಯನ್ನು ನಾನು ಫೋನಿನಲ್ಲಿ ಸಂಸ್ಥೆಯ ಸಂಯೋಜಕಿಗೆ ಮುಟ್ಟಿಸಿದೆ. “ಸರ್, ಒಳ್ಳೇ ಹುಡುಗರ ಮಾತನ್ನ ಒಳ್ಳೇ ಹುಡುಗರು ಮಾತ್ರ ಕೇಳ್ತಾರೆ” ಎಂದರು ಆಕೆ. ಬಿಡುವ ಪ್ರಯತ್ನ ಮಾಡುತ್ತೇನೆಂದು ಅವನು ಒಪ್ಪಿದರೆ ಸಾಕು ಎಂಬ ಷರತ್ತಿನ ಮೇಲೆ ಪ್ರಾಂಶುಪಾಲರು ಸಹಿ ಹಾಕಿದರು. ಅವನು ತಂಬಾಕು ಬಿಟ್ಟಿದ್ದಾನೆಂದು ಇಂದಿಗೂ ನಾನು ಹೇಳಲಾರೆ. ಆದರೆ ತರಬೇತಿ ಪಡೆದವರಲ್ಲಿ ಅತಿ ಹೆಚ್ಚು ಕೆಲಸ ಮಾಡಿದವನು ಅವನೇ.

ಮೊದಲ ದಿನದ ಬೆಳಗಿನ ಅವಧಿ ಹೊಸದೇನನ್ನೂ ಕಲಿಸದೆಯೇ ಹುಡುಗರನ್ನು ಹಿಡಿದು ನಿಲ್ಲಿಸಿತು. ಹೆಸರಿಲ್ಲದ ಚೀಟಿಗಳಲ್ಲಿ ಎರಡು ಪ್ರಶ್ನೆಗಳನ್ನು ಮುಂಚಿತವಾಗಿಯೇ ಎಲ್ಲ ತರಗತಿಗಳಲ್ಲಿ ಕೇಳಲಾಗಿತ್ತು: ಕಳೆದ ಒಂದು ತಿಂಗಳಲ್ಲಿ ನೀವು ಮದ್ಯ ಸೇವಿಸಿದ್ದೀರಾ, ಮತ್ತು ನಿಮ್ಮ ತರಗತಿಯ ಹುಡುಗರಲ್ಲಿ ಎಷ್ಟು ಮಂದಿ ಸೇವಿಸಿರಬಹುದು. ತರಬೇತುದಾರರು ಹಲಗೆಯ ಮೇಲೆ ಮೊದಲು ಊಹೆಯ ಅಂಕಿಯನ್ನು ಬರೆದಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಕುಡಿಯುತ್ತಾರೆಂದು ಎಲ್ಲರೂ ನಂಬಿದ್ದರು. ಅದರ ಪಕ್ಕದಲ್ಲಿ ಹುಡುಗರು ತಮ್ಮ ಬಗ್ಗೆಯೇ ಕೊಟ್ಟ ಉತ್ತರದ ಅಂಕಿಯನ್ನು ಬರೆದಾಗ ಅದು ಊಹೆಯ ಹತ್ತಿರಕ್ಕೂ ಬರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, “ಹಂಗಾದ್ರೆ ಎಲ್ಲಾರೂ ಕುಡೀತಾರೆ ಅನ್ನೋದು ಸುಳ್ಳಾ ಸರ್?” ಎಂದು ಕೇಳಿಯೇಬಿಟ್ಟ. ಹೆಸರಿಲ್ಲದಿದ್ದರೂ ಚೀಟಿಯಲ್ಲಿ ಸುಳ್ಳು ಬರೆದವರು ಇದ್ದೇ ಇರುತ್ತಾರೆ; ಆ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಜೊತೆಯವರ ಕುಡಿತವನ್ನು ವಿದ್ಯಾರ್ಥಿಗಳು ಇರುವುದಕ್ಕಿಂತ ಹೆಚ್ಚೆಂದು ಎಣಿಸುತ್ತಾರೆ, ಆ ಎಣಿಕೆಯೇ ಅವರನ್ನು ಕುಡಿತದತ್ತ ತಳ್ಳುತ್ತದೆ ಎಂಬುದನ್ನು ಅಮೆರಿಕದಲ್ಲಿ ವೆಸ್ಲಿ ಪರ್ಕಿನ್ಸ್ ಮತ್ತು ಅಲನ್ ಬರ್ಕೊವಿಟ್ಸ್ 1986ರಲ್ಲೇ ಮುಂದಿಟ್ಟಿದ್ದರು. ನಮ್ಮ ತಾಲೂಕು ಕೇಂದ್ರದ ಕಾಲೇಜಿನಲ್ಲೂ ಹಲಗೆಯ ಮೇಲಿನ ಆ ಎರಡು ಅಂಕಿಗಳು ಮಾಡಿದ ಕೆಲಸವನ್ನು ಯಾವ ಉಪನ್ಯಾಸವೂ ಮಾಡುತ್ತಿರಲಿಲ್ಲ.

ಮಧ್ಯಾಹ್ನದ ಅಭಿನಯ ಅವಧಿ ಇದಕ್ಕಿಂತಲೂ ಚೆನ್ನಾಗಿತ್ತು. ಹುಟ್ಟುಹಬ್ಬದ ರಾತ್ರಿ, ಹಾಸ್ಟೆಲಿನ ಕೋಣೆ, ನೆಲದ ಮೇಲೆ ಹಾಸಿದ ಪತ್ರಿಕೆ, ಅದರ ಮೇಲೆ ಮಿಕ್ಸ್ಚರ್ ಮತ್ತು ಚಿಪ್ಸ್. ಒಬ್ಬ ಲೋಟ ಮುಂದೆ ಚಾಚಿ “ಒಂದೇ ಪೆಗ್ ಮಗಾ, ನನ್ ಮೇಲೆ ಆಣೆ” ಎನ್ನಬೇಕು, ಇನ್ನೊಬ್ಬ ತಪ್ಪಿಸಿಕೊಳ್ಳಬೇಕು. ನಾಳೆ ಇಂಟರ್ನಲ್ಸ್ ಇದೆ ಎಂದವನಿಗೆ, ಅದು ಮಧ್ಯಾಹ್ನ ತಾನೆ ಎಂಬ ಉತ್ತರ ಬಂತು. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದವನಿಗೆ, ಯಾವ ಮಾತ್ರೆ ತೋರಿಸು ಎಂದರು. ಮನೆಯಲ್ಲಿ ವಾಸನೆ ಗೊತ್ತಾಗುತ್ತದೆ ಎಂದವನಿಗೆ, ರಾತ್ರಿ ಇಲ್ಲೇ ಮಲಗು ಎಂದು ಕಂಬಳಿ ಕೊಟ್ಟರು. ಇಡೀ ಸಭಾಂಗಣ ನಗುತ್ತಿತ್ತು. ಆಗ ತರಬೇತುದಾರರು ತಡೆದು, ಕಾರಣ ಕೊಟ್ಟಷ್ಟೂ ವಾದ ಬೆಳೆಯುತ್ತದೆ, ಕಾರಣವನ್ನೇ ಕೊಡಬೇಡಿ ಎಂದರು. ಮುಂದಿನ ಸರದಿಯವನು “ನಂಗೆ ಬೇಡ ಮಗಾ, ಚಿಪ್ಸ್ ಈ ಕಡೆ ಕೊಡು” ಎಂದಷ್ಟೇ ಹೇಳಿ ಪಂದ್ಯದ ಸ್ಕೋರ್ ಕೇಳಿದ. ಲೋಟ ಹಿಡಿದವನಿಗೆ ಮುಂದೆ ಹೇಳಲು ಏನೂ ಉಳಿಯಲಿಲ್ಲ.

ಇದರ ನಂತರ ಬಂದ ತಿರುವೇ ಈ ತರಬೇತಿಯ ತಿರುಳೆಂದು ನನ್ನ ಎಣಿಕೆ. ಅದೇ ಕೋಣೆಯಲ್ಲಿ ಮೂರನೆಯವನೊಬ್ಬ ಕುಳಿತಿರುತ್ತಾನೆ, ಅವನು ಕುಡಿಯುತ್ತಿರಲೂಬಹುದು. ಒತ್ತಾಯ ಎರಡನೆಯ ಸುತ್ತಿಗೆ ಬಂದಾಗ ಅವನು “ಬಿಡೋ, ಬೇಡ ಅಂದ್ನಲ್ಲ” ಎಂದು ಹೇಳಬೇಕು. ವಿದ್ಯಾರ್ಥಿ ನಾಯಕನ ಕೆಲಸ ಇದು ಎಂದು ತರಬೇತುದಾರರು ತೋರಿಸಿಕೊಟ್ಟರು. ವೇದಿಕೆಯಲ್ಲಿ ಪ್ರತಿಜ್ಞೆ ಬೋಧಿಸುವುದಕ್ಕಿಂತ ಈ ಒಂದು ವಾಕ್ಯವನ್ನು ಸರಿಯಾದ ಹೊತ್ತಿಗೆ, ಜಗಳವಾಗದ ದನಿಯಲ್ಲಿ ಹೇಳುವುದು ಕಷ್ಟ. ಹುಡುಗರು ಅದನ್ನು ಹತ್ತಾರು ಬಗೆಯಲ್ಲಿ ಹೇಳಿ ನೋಡಿದರು. ಚೀಟಿಯ ಮೂಲಕ ಆಯ್ಕೆಯಾದವರಿಗೆ ಮಾತ್ರ ಆ ವಾಕ್ಯವನ್ನು ಹೇಳುವ ಅಧಿಕಾರವಿರುತ್ತದೆ ಎಂಬುದು ನನಗೆ ಸ್ಪಷ್ಟವಾದದ್ದು ಆಗಲೇ.

ಎರಡನೆಯ ದಿನದ ಬೆಳಿಗ್ಗೆ ಇಳಿಕೆ ಶುರುವಾಯಿತು. ಸಮವಸ್ತ್ರದ ಅತಿಥಿಯೊಬ್ಬರನ್ನು ಕರೆಸಲಾಗಿತ್ತು. ಪರದೆಯ ಮೇಲೆ ಸಿರಿಂಜ್‌ಗಳು, ಹುಳುಕು ಹಲ್ಲುಗಳು, ಚರಂಡಿಯ ಪಕ್ಕ ಬಿದ್ದ ದೇಹಗಳು ಒಂದಾದ ಮೇಲೊಂದು ಬಂದವು. ಪುಡಿ, ಮಾತ್ರೆ, ಸೊಪ್ಪು ಇವುಗಳ ಪೊಟ್ಟಣ ಹೇಗಿರುತ್ತದೆ ಎಂಬುದನ್ನು ಬಣ್ಣದ ಚಿತ್ರಗಳಲ್ಲಿ ತೋರಿಸಲಾಯಿತು. ಆನಂತರ ವ್ಯಸನದಿಂದ ಹೊರಬಂದ ಯುವಕನೊಬ್ಬ ತನ್ನ ಕತೆ ಹೇಳಿದ. ಅವನ ಧೈರ್ಯಕ್ಕೆ ಗೌರವವಿದೆ. ಆದರೆ ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯು 2013ರಲ್ಲಿ ಹೊರತಂದು, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಪರಿಷ್ಕರಿಸಿದ ತಡೆ ಕಾರ್ಯದ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ, ಭಯ ಹುಟ್ಟಿಸುವುದು, ಬರೀ ಮಾಹಿತಿ ಕೊಡುವುದು, ಮಾಜಿ ವ್ಯಸನಿಗಳಿಂದ ಸಾಕ್ಷ್ಯ ಹೇಳಿಸುವುದು ಇವೆಲ್ಲ ಫಲ ಕೊಡದ ಕ್ರಮಗಳ ಸಾಲಿನಲ್ಲಿವೆ. ನಮ್ಮ ಸಭಾಂಗಣದಲ್ಲೇ ಅದಕ್ಕೆ ಪುರಾವೆ ಸಿಕ್ಕಿತು: ಚಹಾ ವಿರಾಮದಲ್ಲಿ ಹುಡುಗರು ತಮ್ಮತಮ್ಮಲ್ಲಿ ಚರ್ಚಿಸುತ್ತಿದ್ದುದು ಆ ಪೊಟ್ಟಣ ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು.

ಅದಕ್ಕಿಂತ ಗಂಭೀರವಾದ ದೋಷ ಭಾಷಣದ ಕೊನೆಯಲ್ಲಿತ್ತು. ಯಾರಾದರೂ ಸೇವಿಸುತ್ತಿರುವುದು ಕಂಡರೆ ಹೆಸರನ್ನು ನನಗೆ ಫೋನ್ ಮಾಡಿ ತಿಳಿಸಿ, ನಿಮ್ಮ ಹೆಸರು ಗುಟ್ಟಾಗಿರುತ್ತದೆ ಎಂದು ಅತಿಥಿಗಳು ಸದ್ಭಾವದಿಂದಲೇ ಹೇಳಿದರು. ಆ ಕ್ಷಣದಿಂದ ನಮ್ಮ ನಾಯಕರು ತಮ್ಮ ಗೆಳೆಯರ ಕಣ್ಣಿನಲ್ಲಿ ಖಬರಿಗಳಾಗುವ ಅಪಾಯವಿತ್ತು. ಮಾರುವವರ ವಿಷಯ ಬೇರೆ. ಹದಿನೆಂಟು ತುಂಬದ ಮಗುವಿಗೆ ಮದ್ಯವನ್ನೋ ಮಾದಕ ವಸ್ತುವನ್ನೋ ಕೊಡುವುದಕ್ಕೆ 2015ರ ಬಾಲ ನ್ಯಾಯ ಕಾಯಿದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆಯಿದೆ, ಅಂಥ ದೂರು ಕೊಡಲೇಬೇಕು. ಆದರೆ ಸಿಕ್ಕಿಹಾಕಿಕೊಂಡ ಗೆಳೆಯ ನೆರವು ಕೇಳಿ ಬರುವುದು ತನ್ನ ಹೆಸರು ಎಲ್ಲಿಗೂ ಹೋಗದೆಂಬ ಭರವಸೆ ಇದ್ದಾಗ ಮಾತ್ರ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯಿದೆಯಲ್ಲೇ 64ಎ ಎಂಬ ಕಲಮಿದ್ದು, ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಅವನಿಗೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಈ ವಿಷಯವನ್ನು ಅತಿಥಿಗಳು ಎತ್ತಲಿಲ್ಲ. ಮಧ್ಯಾಹ್ನ ತರಬೇತುದಾರರು ಅದನ್ನು ವಿವರಿಸಿ ಒಂದಿಷ್ಟು ಸರಿಪಡಿಸಿದರೆಂಬುದನ್ನು ಒಪ್ಪಬೇಕು.

ಇನ್ನೊಂದು ಕೊರತೆ ಸಮಯದ ಹಂಚಿಕೆಯದು. ಅವಧಿಗಳಲ್ಲಿ ಹೆಚ್ಚಿನವು ಗಾಂಜಾ ಮತ್ತು ರಾಸಾಯನಿಕ ಮಾದಕಗಳಿಗೇ ಮೀಸಲಾಗಿದ್ದವು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ. 14.6, ಭಂಗಿ-ಗಾಂಜಾ ಬಗೆಯವನ್ನು ಸೇವಿಸುವವರು ಶೇ. 2.8. ನಮ್ಮ ಊರಿನ ಅನುಭವವೂ ಅದೇ: ಇಲ್ಲಿ ಹುಡುಗರನ್ನು ಮೊದಲು ಹಿಡಿಯುವುದು ತಂಬಾಕು, ಆಮೇಲೆ ಎಣ್ಣೆ. ಮದ್ಯವು ಸರ್ಕಾರಕ್ಕೆ ವರಮಾನ ತರುವ ಸರಕಾದ್ದರಿಂದ ಅದರ ಬಗ್ಗೆ ಬ್ಯಾನರುಗಳು ಕೊಂಚ ಮೆತ್ತಗೆ ಮಾತನಾಡುತ್ತವೆಯೋ ಏನೋ. ಅಭ್ಯಾಸ ಪುಸ್ತಕದ ಸನ್ನಿವೇಶಗಳೂ ಪಬ್ಬು, ಸಮುದ್ರ ತೀರದ ಪಾರ್ಟಿ, ಫ್ಲ್ಯಾಟಿನಲ್ಲಿ ಒಂಟಿಯಾಗಿರುವ ಟೆಕ್ಕಿ ಇವುಗಳ ಸುತ್ತಲೇ ಇವೆ. ನಮ್ಮ ವಿದ್ಯಾರ್ಥಿ ಮೊದಲ ಲೋಟ ಹಿಡಿಯುವುದು ಅಣ್ಣನ ಮದುವೆಯ ಹಿಂದಿನ ರಾತ್ರಿ ಚಪ್ಪರದ ಹಿಂದೆ, ಗಣಪತಿ ಬಿಡುವ ಮೆರವಣಿಗೆಯ ಟ್ರ್ಯಾಕ್ಟರಿನಲ್ಲಿ, ಪಂಚಾಯಿತಿ ಚುನಾವಣೆಯ ವಾರದಲ್ಲಿ ಪುಕ್ಕಟೆ ಸಿಕ್ಕಾಗ. ಅಲ್ಲಿ ಲೋಟ ಚಾಚುವವನು ಓರಗೆಯವನಲ್ಲ, ಚಿಕ್ಕಪ್ಪನೋ ಭಾವನೋ ಊರಿನ ಮುಖಂಡನೋ ಆಗಿರುತ್ತಾನೆ. ಹಿರಿಯರಿಗೆ ‘ಬೇಡ’ ಎನ್ನುವುದು ಹೇಗೆಂಬುದಕ್ಕೆ ಪುಸ್ತಕದಲ್ಲಿ ಒಂದು ಪುಟವೂ ಇಲ್ಲ. ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದ ಇಳಕಲ್ಲಿನ ಮಹಾಂತ ಶಿವಯೋಗಿಗಳ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸುವ ನಾಡಿನಲ್ಲಿ, ಊರಿನ ಒಳಗಿಂದ ಉದಾಹರಣೆ ತೆಗೆಯಲು ಇಷ್ಟು ಬಡತನ ಇರಬೇಕಾಗಿರಲಿಲ್ಲ.

ಯೋಜನೆಯಲ್ಲಿ ಇಲ್ಲದಿದ್ದರೂ ನಡೆದ ಒಂದು ಸಂಗತಿಯನ್ನು ಸಂಸ್ಥೆಯ ಲೆಕ್ಕಕ್ಕೆ ಜಮಾ ಮಾಡಲೇಬೇಕು. ಪ್ರಶ್ನೆ ಪೆಟ್ಟಿಗೆಗೆ ಹಾಕಿದ ಚೀಟಿಗಳಲ್ಲಿ ವಿದ್ಯಾರ್ಥಿನಿಯರದೆಂದು ಬರವಣಿಗೆಯಿಂದಲೇ ತಿಳಿಯುವಂಥವು ಹಲವಿದ್ದವು, ಅವುಗಳಲ್ಲಿ ಬಹುಪಾಲು ಗೆಳೆಯರ ಕುಡಿತದ ಬಗ್ಗೆ ಇರಲೇ ಇಲ್ಲ. ಅಪ್ಪ ಕುಡಿದು ಬಂದಾಗ ಪರೀಕ್ಷೆಗೆ ಓದುವುದು ಹೇಗೆ, ಅಮ್ಮನಿಗೆ ಹೊಡೆಯುವಾಗ ಯಾರಿಗೆ ಫೋನ್ ಮಾಡಬೇಕು, ಬಿಡಿಸುವ ಪುಡಿ ಎಂದು ಮಾರುವುದನ್ನು ಊಟದಲ್ಲಿ ಹಾಕಬಹುದೇ. ಸಂಯೋಜಕಿ ಮಧ್ಯಾಹ್ನದ ಒಂದು ಅವಧಿಯನ್ನೇ ರದ್ದುಪಡಿಸಿ ಈ ಚೀಟಿಗಳನ್ನು ಕೈಗೆತ್ತಿಕೊಂಡರು. ಗೊತ್ತಿಲ್ಲದಂತೆ ಪುಡಿ ಹಾಕುವುದು ಅಪಾಯವೆಂದು ನೇರವಾಗಿ ಹೇಳಿದರು. ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಸ್ಪೀಕರ್ ಹಾಕಿ ಕರೆ ಮಾಡಿ, ಕನ್ನಡವನ್ನು ಆರಿಸಿ, ಆ ತುದಿಯಲ್ಲಿ ಮಾತನಾಡುವವರು ಹೇಗೆ ಮಾತನಾಡುತ್ತಾರೆಂಬುದನ್ನು ಎಲ್ಲರಿಗೂ ಕೇಳಿಸಿದರು. ವ್ಯಸನಮುಕ್ತಿಗೆಂದೇ ಇರುವ 14446ನ್ನೂ ಬರೆಸಿದರು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವನ್ನೂ ಕುಡುಕರ ಮನೆಯವರಿಗೆಂದೇ ಇರುವ ಅಲ್-ಅನಾನ್ ಸಭೆಗಳನ್ನೂ ಪರಿಚಯಿಸಿದರು. ಆ ಸಂಜೆ ಊಟಕ್ಕೆ ಹೊರಟಾಗ ಹುಡುಗರು ಎಂದಿಗಿಂತ ಮೌನವಾಗಿದ್ದರು. ತಮ್ಮ ತರಗತಿಯ ಹುಡುಗಿಯರ ಮನೆಗಳ ವಿಷಯ ಅವರಿಗೆ ಗೊತ್ತಿರಲಿಲ್ಲ.

ಊಟ ವಸತಿಗಳ ಬಗ್ಗೆ ದೂರಿಲ್ಲ. ಶುಲ್ಕವೂ ವಿದ್ಯಾರ್ಥಿ ಕಲ್ಯಾಣ ನಿಧಿಯಿಂದ ಭರಿಸಬಹುದಾದಷ್ಟೇ ಇತ್ತು.

ದೂರು ಇರುವುದು ತರಬೇತಿಯ ನಂತರದ ತಿಂಗಳುಗಳ ಬಗ್ಗೆ. ‘ಅಸಿಸ್ಟ್’ ಪ್ರಯೋಗದಲ್ಲಿ ಆ 10 ವಾರಗಳ ನಡುವೆ ತರಬೇತುದಾರರು ನಾಲ್ಕು ಬಾರಿ ಶಾಲೆಗೆ ಹೋಗಿ ಮಕ್ಕಳನ್ನು ಕಂಡು, ಅವರ ತೊಡಕುಗಳನ್ನು ಕೇಳುತ್ತಿದ್ದರು. ನಮಗೂ ಅಂಥ ಭೇಟಿಗಳ ಭರವಸೆಯನ್ನು ಬಾಯಿಮಾತಿನಲ್ಲಿ ಕೊಡಲಾಗಿತ್ತು. ಅದು ಮುಂದಕ್ಕೆ ಹೋಗುತ್ತ ಹೋಗುತ್ತ ಒಂದು ವಿಡಿಯೊ ಸಭೆಗೆ ಬಂದು ನಿಂತಿತು, ಆ ಸಭೆಯೂ ನೆಟ್‌ವರ್ಕ್ ಇಲ್ಲದೆ ಅರ್ಧಕ್ಕೇ ಮುಗಿಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಮೊದಲು ವಿದ್ಯಾರ್ಥಿಗಳು ತಾವು ನಡೆಸಿದ ಮಾತುಕತೆಗಳನ್ನು ಬರೆಯುತ್ತಿದ್ದರು. ಕ್ರಮೇಣ ಅದು ಶುಭೋದಯದ ಚಿತ್ರಗಳಿಗೂ ಸಂಸ್ಥೆಯ ಇತರ ಕಾರ್ಯಕ್ರಮಗಳ ಭಿತ್ತಿಚಿತ್ರಗಳಿಗೂ ಮೀಸಲಾಯಿತು. ಮಾತುಕತೆಯ ದಿನಚರಿ ಪುಸ್ತಕವನ್ನು ಪರಿಶೀಲಿಸುವವರೇ ಇಲ್ಲದ್ದರಿಂದ ಹೆಚ್ಚಿನವರು ಅದನ್ನು ಕೈಬಿಟ್ಟರು.

ಇಷ್ಟಾದರೂ ಏನೂ ನಡೆಯಲಿಲ್ಲವೆಂದು ಹೇಳಲಾಗದು. ಗಣೇಶೋತ್ಸವದ ಮೆರವಣಿಗೆಯಲ್ಲಿ ಪ್ರಥಮ ವರ್ಷದ ಹುಡುಗರನ್ನು ಟ್ರ್ಯಾಕ್ಟರಿನಿಂದ ಇಳಿಸಿ ಡೊಳ್ಳಿನ ತಂಡದ ಜೊತೆ ನಡೆಸಿದವರು ಈ ನಾಯಕರೇ. ಹೊಸಬರ ಸ್ವಾಗತ ಸಮಾರಂಭದ ರಾತ್ರಿ ಹಾಸ್ಟೆಲಿನಲ್ಲಿ ಒತ್ತಾಯದ ಕುಡಿತ ನಡೆಯದಂತೆ ಈ ನಾಯಕರು ನೋಡಿಕೊಂಡರೆಂದು ವಾರ್ಡನ್ ನನಗೆ ತಿಳಿಸಿದರು; ಕುಡಿತವೇ ನಡೆಯಲಿಲ್ಲವೆಂದು ಅವರೂ ಹೇಳಲಿಲ್ಲ. ಕಬಡ್ಡಿ ಆಟಗಾರನು ತನ್ನ ಜೊತೆಯವನೊಬ್ಬನನ್ನು ಮಂಗಳವಾರ ಬೈಕಿನಲ್ಲಿ ತಾಲೂಕು ಆಸ್ಪತ್ರೆಗೆ ಕರೆದೊಯ್ದ ವಿಷಯ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಹಾಜರಾತಿಯ ವಿನಾಯಿತಿ ಕೇಳಲು ಅವನು ಬಂದಾಗ. ಜೊತೆಯವನು ಯಾರೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದ್ದರಿಂದ ಈ ಬಗೆಯ ತರಬೇತಿಗೆ ಹಣ ಕೊಡಬಹುದೇ ಎಂದು ಕೇಳುವ ಕಾಲೇಜುಗಳಿಗೆ, ಚೀಟಿಯ ಮೂಲಕ ಆಯ್ಕೆ ಮಾಡುವ ಸಂಸ್ಥೆಯಾದರೆ ಕೊಡಬಹುದು ಎನ್ನುತ್ತೇನೆ; ಅಧ್ಯಾಪಕರೇ ಪಟ್ಟಿ ಕಳುಹಿಸಿ ಎನ್ನುವ ಸಂಸ್ಥೆಯಾದರೆ ಆ ಹಣವನ್ನು ಗ್ರಂಥಾಲಯಕ್ಕೆ ಕೊಡುವುದು ಲೇಸು. ಈ ವರ್ಷ ನಾವು ಅದೇ ಸಂಸ್ಥೆಯನ್ನು ಮತ್ತೆ ಕರೆಸುತ್ತಿದ್ದೇವೆ. ಶುಲ್ಕದ ಅರ್ಧ ಭಾಗವನ್ನು ತರಬೇತಿಯ ನಂತರದ ಭೇಟಿಗಳು ಮುಗಿದ ಮೇಲೆಯೇ ಪಾವತಿಸುವುದಾಗಿ ಒಪ್ಪಂದದಲ್ಲಿ ಬರೆಸಿದ್ದೇವೆ, ಅವರು ಒಪ್ಪಿದ್ದಾರೆ. ಮದ್ಯ ಮತ್ತು ತಂಬಾಕಿಗೆ ಅರ್ಧಕ್ಕಿಂತ ಹೆಚ್ಚು ಅವಧಿ ಮೀಸಲಿಡಬೇಕೆಂಬುದಕ್ಕೂ ಒಪ್ಪಿಗೆ ಸಿಕ್ಕಿದೆ. ಮದುವೆಮನೆಯ ಸನ್ನಿವೇಶವನ್ನು ನಮ್ಮ ವಿದ್ಯಾರ್ಥಿಗಳೇ ಬರೆದುಕೊಡುತ್ತಾರೆ. ಸಮವಸ್ತ್ರದ ಅತಿಥಿಯ ಭಾಷಣ ಬೇಡವೆಂಬ ಮಾತಿಗೆ ಮಾತ್ರ ಇನ್ನೂ ಪತ್ರ ವ್ಯವಹಾರ ನಡೆದಿದೆ.